ಮುಐದರಿನಲ್ಲೊಂದು ನಾರ್ವೆ ದೀಪ

ಕತಾರಿನಲ್ಲಿ ಬಿಸಿಲು ಸಾಲದೆ ಸೊರಗುವವರಿದ್ದಾರೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಮುದ್ದುಕೃಷ್ಣನೂ ನಂಬಿರಲಿಲ್ಲ, ಹೆಂಡತಿ ಅವನೊಡನೆ ಜಗಳವಾಡುವುದನ್ನು ನಿಲ್ಲಿಸುವವರೆಗೆ.

ಹೇಮಲತಾ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವಳು. ಗಣಿತದವರಿಗಿರುವ ದೊಡ್ಡ ಗುಣ ಅವಳಲ್ಲಿ ಧಾರಾಳವಾಗಿತ್ತು: ತಪ್ಪು ಎಲ್ಲಿದ್ದರೂ ಕಣ್ಣಿಗೆ ಬೀಳುತ್ತಿತ್ತು. ಮದುವೆಯಾದ ಮೇಲೆ ಆ ಕಣ್ಣು ಬಹುಪಾಲು ಗಂಡನ ಮೇಲೆಯೇ ನೆಟ್ಟಿತ್ತು. ಒದ್ದೆ ಟವೆಲು ಹಾಸಿಗೆಯ ಮೇಲೆ ಬಿದ್ದಿದ್ದು, ಒಂದೇ ಕತೆಯನ್ನು ಅತ್ತೆಗೂ ಮಾವನಿಗೂ ಬೇರೆ ಬೇರೆಯಾಗಿ ಫೋನಿನಲ್ಲಿ ಹೇಳಿದ್ದು, ಯಾವುದಕ್ಕೂ ಹೌದು ಎನ್ನದೆ ಅಲ್ಲ ಎನ್ನದೆ 'ನೋಡೋಣ' ಎಂದು ಜಾರಿಕೊಂಡಿದ್ದು. ಮುದ್ದುಕೃಷ್ಣ ಬೈಸಿಕೊಂಡು ಆಫೀಸಿಗೆ ಹೋಗುತ್ತಿದ್ದ, ಬೈಸಿಕೊಳ್ಳಲು ಮನೆಗೆ ಬರುತ್ತಿದ್ದ. ಸಂಸಾರ ಸುಖವಾಗಿತ್ತು.

ಅವರ ಮನೆ ದೋಹಾದ ಅಂಚಿನ ಮುಐದರ್ ಬಡಾವಣೆಯ ಒಂದು ವಿಲ್ಲಾದಲ್ಲಿ. ಹೊರಗಿನಿಂದ ಅರಮನೆ. ಒಳಗೆ ಅಡ್ಡ ಗೋಡೆಗಳೆದ್ದು ನಾಲ್ಕು ಪೋರ್ಷನ್ ಆಗಿದ್ದವು. ಇವರ ಪಾಲಿಗೆ ಬಂದ ಪೋರ್ಷನ್ನಿಗೆ ಒಂದೇ ಕಿಟಕಿ, ಅದೂ ಪಕ್ಕದ ಕತಾರಿಯವರ ಒಳಂಗಳದ ಕಡೆಗೆ. ಅಲ್ಲಿ ಆ ಮನೆಯ ಹೆಂಗಸರು ಕೂರುತ್ತಾರೆ, ಬಾಡಿಗೆಯವರ ಕಣ್ಣು ಬೀಳಬಾರದು. ಹಾಗಾಗಿ ಮಾಲೀಕ ಕಿಟಕಿಗೆ ಪ್ಲೈವುಡ್ ಬಡಿಸಿ ಗೋಡೆಯ ಬಣ್ಣವನ್ನೇ ಹೊಡೆಸಿದ್ದ. ಕೆಲಸ ಎಷ್ಟು ನೀಟಾಗಿತ್ತೆಂದರೆ ಅಲ್ಲೊಂದು ಕಿಟಕಿ ಇತ್ತೆನ್ನುವುದು ಇವರಿಗೆ ತಿಳಿದದ್ದೇ ಬಹಳ ದಿನಗಳಾದ ಮೇಲೆ. ಬಾಗಿಲು ತೆರೆದರೆ ತಗಡು ಹೊದಿಸಿದ ಓಣಿ, ಆಚೆಗೆ ಎತ್ತರದ ಕಾಂಪೌಂಡು.

ಬೇಸಿಗೆಯಲ್ಲಿ ಆ ಕತ್ತಲೆ ವರದಂತಿರುತ್ತಿತ್ತು. ಪೀಡೆ ಬಂದದ್ದು ಚಳಿಗಾಲದಲ್ಲಿ. ಮುದ್ದುಕೃಷ್ಣ ಗ್ಯಾಸ್ ಪ್ರಾಜೆಕ್ಟಿನ ಪ್ಲಾನಿಂಗ್ ಇಂಜಿನಿಯರ್, ಕಂಪನಿ ಬಸ್ಸು ಬೆಳಕು ಹರಿಯುವ ಮುಂಚೆಯೇ ಬಂದು ಹಾರನ್ ಹಾಕುತ್ತಿತ್ತು. ಸಂಜೆ ಐದರೊಳಗೆ ಸೂರ್ಯ ಖಲಾಸ್. ಅವನು ಮರಳುವಾಗ ಮತ್ತೆ ಕತ್ತಲು. ನಡುವಿನ ಹಗಲೆಂಬುದನ್ನು ಹೇಮಲತಾ ಟ್ಯೂಬ್‌ಲೈಟಿನ ಕೆಳಗೆ ಕಳೆಯುತ್ತಿದ್ದಳು.

ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದು ಹೋದ ಮರುವರ್ಷದ ಡಿಸೆಂಬರಿನಲ್ಲಿ ಅವಳು ಏಳುವುದು ತಡವಾಗತೊಡಗಿತು. ಟ್ಯೂಷನ್ನಿಗೆ ಬರುತ್ತಿದ್ದ ಮಕ್ಕಳನ್ನು ಇನ್ನು ಬರಬೇಡಿ ಎಂದು ಕಳಿಸಿದಳು. ಕ್ಲಿನಿಕ್ಕಿನ ಡಾಕ್ಟರು ಮಾತ್ರೆ ಬರೆದು, ಬಿಸಿಲಲ್ಲಿ ಓಡಾಡಿ ಎಂದರು. ಎಲ್ಲಿ ಎಂದು ಹೇಳಲಿಲ್ಲ. ಅಲ್ಲಿ ಕಾಲುದಾರಿಯಿಲ್ಲ, ಬಸ್ಸಿಲ್ಲ, ಮುದ್ದುಕೃಷ್ಣನಿಗೆ ಕಾರೂ ಇಲ್ಲ, ಓಡಿಸಲೂ ಬರುವುದಿಲ್ಲ. ಮುಂದಿನ ಪೋರ್ಷನ್ನಿನ ರೋಶನ್ ಶುಕ್ರವಾರ ಸಮುದ್ರದಂಡೆಯ ಕಾರ್ನಿಶ್ ಕಡೆ ಕರೆದುಕೊಂಡು ಹೋಗುತ್ತೇನೆಂದರೆ ಇವಳು ತಲೆನೋವೆಂದು ಮಲಗಿದಳು. ಮುದ್ದುಕೃಷ್ಣ ಬೇಕೆಂದೇ ಟವೆಲನ್ನು ಹಾಸಿಗೆಯ ಮೇಲೆ ಬಿಟ್ಟು ನೋಡಿದ. ಅವಳು ಸುಮ್ಮನೆ ಎತ್ತಿ ಒಣಗಹಾಕಿದಳು. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಸಂಜೆ ಅವಳೇ ಮಾತು ತೆಗೆದಳು.

"ರೀ, ಈ ಚಳಿಗಾಲ ಮುಗಿಯೋಷ್ಟರಲ್ಲಿ ನನ್ನನ್ನ ಊರಿಗೆ ಕಳಿಸಿಬಿಡಿ."

"ರಜಾ ಹಾಕ್ತೀನಿ. ಇಬ್ಬರೂ ಹೋಗಿಬರೋಣ."

"ಹೋಗಿಬರೋದಲ್ಲ. ನಾನು ಹೋಗ್ತೀನಿ. ಅಲ್ಲೇ ಇರ್ತೀನಿ. ನೀವು ಬೇಕಾದಾಗ ಬನ್ನಿ."

"ಫೆಬ್ರವರಿವರೆಗೆ ಇರು. ಆಮೇಲೂ ಹೀಗೇ ಅನ್ನಿಸಿದರೆ... ನೋಡೋಣ."

"ಸರಿ," ಎಂದಳು. ಆ 'ನೋಡೋಣ'ಕ್ಕೆ ಒಂದು ಮಾತೂ ಅನ್ನಲಿಲ್ಲ.

ಹಾಲ್ವರ್ ಎಂಬ ನಾರ್ವೆಯವನೊಬ್ಬ ಆಫೀಸಿನಲ್ಲಿ ಮುದ್ದುಕೃಷ್ಣನ ಎದುರು ಮೇಜಿನವನು. ಆರಡಿ ಮೀರಿದ ಆಳು, ಮಾತು ಕಡಿಮೆ. ಅವನ ಊರಲ್ಲಿ ಚಳಿಗಾಲದ ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲವೆಂದು ಹಿಂದೊಮ್ಮೆ ಹೇಳಿದ್ದ. ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಮುದ್ದುಕೃಷ್ಣ, ತನ್ನ ಹೆಂಡತಿಯದೆಂದು ಹೇಳದೆ, ಪರಿಚಯದವರೊಬ್ಬರ ಮನೆಯ ಕತೆಯೆಂಬಂತೆ ಎಲ್ಲವನ್ನೂ ಹೇಳಿದ. ಹಾಲ್ವರ್ ಎಲ್ಲವನ್ನೂ ಕೇಳಿ, ನಿನ್ನ ಹೆಂಡತಿಗೆ ಬೇಕಾಗಿರುವುದು ದೀಪ ಎಂದ. ಮರುದಿನ ತಂದೂ ಕೊಟ್ಟ. ನೆಟ್ಟಗೆ ನಿಲ್ಲಿಸಿದ ಟ್ರೇಯಂಥ ಬಿಳಿ ಪೆಟ್ಟಿಗೆ. ಅವನ ಊರಲ್ಲಿ ಮನೆಮನೆಯಲ್ಲೂ ಅಂಥದೊಂದು ಇರುತ್ತದಂತೆ.

"ಇದನ್ನ ಈ ಮರುಭೂಮಿಗೆ ಯಾಕೆ ತಂದೆ ಮಾರಾಯ?"

"ನಾನು ತರಲಿಲ್ಲ. ಅಮ್ಮ ಸೂಟ್‌ಕೇಸಿಗೆ ಹಾಕಿದ್ದಳು."

ಮುದ್ದುಕೃಷ್ಣನಿಗೆ ಪೂರ್ತಿ ಅರ್ಥವಾಯಿತು. ತಾನು ಬೇಡವೆಂದರೂ ಅವನ ಅಮ್ಮನೂ ಬಟ್ಟೆಯ ನಡುವೆ ಚಟ್ನಿಪುಡಿ ತುರುಕಿದ್ದಳು.

"ಬೆಳಿಗ್ಗೆ ಎದ್ದ ತಕ್ಷಣ ಇದರ ಮುಂದೆ ಅರ್ಧ ಗಂಟೆ ಕೂರಬೇಕು," ಎಂದ ಹಾಲ್ವರ್. "ಅಷ್ಟೇ. ದಿನಾ."

ಇಂಜಿನಿಯರಾದವನಿಗೆ 'ಅಷ್ಟೇ' ಎಂಬುದು ಸಾಲುವುದಿಲ್ಲ. ಮುದ್ದುಕೃಷ್ಣ ನೆಟ್ ಜಾಲಾಡಿ, ದೀಪ ಎಷ್ಟು ದೂರದಲ್ಲಿರಬೇಕು ಎಂದು ನೋಡಿಕೊಂಡ. ಗುಂಡು ಪಿನ್ನಿನ ಪ್ಲಗ್ಗಿಗೆ ಅಡಾಪ್ಟರ್ ತಂದ. ಸ್ಟೂಲಿನ ಮೇಲೆ ದೀಪವಿಟ್ಟು, ನೆಲದ ಮೇಲೆ ಮಂಡಿಯೂರಿ, ಹೇಮಲತಾಳ ಮೂಗಿನಿಂದ ದೀಪದವರೆಗೆ ಟೇಪು ಹಿಡಿದು ಅಳೆದ. ತಾನೂ ಒಂದು ಸಲ ಕೂತು ನೋಡಿದ. ಮನಸ್ಸಿಗೆ ಹಿತವಾಯಿತು.

ಹೇಮಲತಾ ಬೇಡ ಎನ್ನಲಿಲ್ಲ. ಆ ದೀಪದ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆದರೂ, ಹಾಸಿಗೆ ಬಿಟ್ಟೇಳುವುದೇ ಬೆಟ್ಟ ಹತ್ತಿದಂತಿದ್ದ ಆ ದಿನಗಳಲ್ಲಿ, ಅವನು ಬಸ್ಸಿಗೆ ಹೊರಡುವ ಹೊತ್ತಿಗೆ ಎದ್ದು, ಸ್ನಾನ ಮಾಡಿ, ದೀಪದ ಮುಂದೆ ಹೋಗಿ ಕೂರುತ್ತಿದ್ದಳು. ನಂಬಿಕೆಯಿದ್ದು ಮಾಡುವವರು ಬೇಕಾದಷ್ಟು ಜನ. ನಂಬಿಕೆಯಿಲ್ಲದೆ ಒಂದು ದಿನವೂ ತಪ್ಪಿಸದೆ ಮಾಡುವುದಕ್ಕೆ ಬೇರೆಯೇ ಗಟ್ಟಿತನ ಬೇಕು. ಬಾಗಿಲೆಳೆದುಕೊಂಡು ಹೊರಡುವಾಗ ಮುದ್ದುಕೃಷ್ಣನಿಗೆ ಅದು ತಿಳಿಯುತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ.

ಮೂರು ವಾರವಾದರೂ ಏನೂ ಬದಲಾಗಲಿಲ್ಲ. ಜನವರಿ ಅರ್ಧ ಕಳೆದಿತ್ತು.

ಒಂದು ಬೆಳಿಗ್ಗೆ ಮಂಜು ಕವಿಯಿತು. ದೋಹಾದ ಚಳಿಗಾಲದಲ್ಲಿ ಹಾಗೊಮ್ಮೊಮ್ಮೆ ಆಗುತ್ತದೆ, ಎದುರಿನ ಕಾಂಪೌಂಡೂ ಕಾಣುವುದಿಲ್ಲ. ಗೇಟಿನ ಹತ್ತಿರ ನಿಂತಿದ್ದ ಮುದ್ದುಕೃಷ್ಣನಿಗೆ ಬಸ್ಸಿನ ಪಠಾಣ್ ಡ್ರೈವರನ ಫೋನು ಬಂತು. "ಸಾಬ್, ರೋಡ್ ಮಾಫಿ. ಗಾಡಿ ಮಾಫಿ. ಆಪ್ ಘರ್ ಮೇ ಬೈಠೋ."

ರಸ್ತೆಯೂ ಇಲ್ಲ, ಬಸ್ಸೂ ಇಲ್ಲ ಎಂದ ಮೇಲೆ ಅವನು ಮನೆಗೆ ತಿರುಗಿ ಬಂದ. ಮೆಲ್ಲಗೆ ಬಾಗಿಲು ತೆರೆದರೆ ಕೋಣೆ ತುಂಬ ಹಾಲಿನಂಥ ಬೆಳಕು. ಹೇಮಲತಾ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗಿಟ್ಟು ಕೂತಿದ್ದಳು. ಒದ್ದೆ ಕೂದಲು ಬೆನ್ನ ಮೇಲೆ, ಕೈಗಳು ತೊಡೆಯ ಮೇಲೆ ಜೋಡಿಸಿಕೊಂಡಂತೆ. ಇಷ್ಟು ಚೆಲುವಾದ ಮುಖವನ್ನು ಆ ಮಬ್ಬು ಕೋಣೆಯಲ್ಲಿ ಇಷ್ಟು ದಿನ ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎಂದು ಅವನು ನಿಂತುಬಿಟ್ಟ. ಕಣ್ಣುಗಳು ಮಾತ್ರ ಮುಚ್ಚಿದ್ದವು. ತಾನು ಕೂತಾಗಲೂ ಕಣ್ಣು ಮುಚ್ಚಿದ್ದೆ ಎನ್ನುವುದು ಅವನಿಗೆ ನೆನಪಾಯಿತು. ದೀಪದ ಮುಂದೆ ಕೂತವರು ಮತ್ತೇನು ಮಾಡುತ್ತಾರೆ?

ಮಂಜು ಕರಗಿ ಬಸ್ಸು ಬಂದು ಆಫೀಸು ಸೇರಿದಾಗ ಹಾಲ್ವರ್ ಕಾಫಿ ಹಿಡಿದು ನಿಂತಿದ್ದ.

"ಹೇಗಿದ್ದಾಳೆ?"

"ಹಾಗೇ ಇದ್ದಾಳೆ. ಒಂದು ದಿನಾನೂ ಬಿಟ್ಟಿಲ್ಲ. ಅರ್ಧ ಗಂಟೆ ಕಣ್ಣು ಮುಚ್ಚಿ ಕೂತರೆ ಅಲ್ಲಾಡೋದೂ ಇಲ್ಲ."

ಹಾಲ್ವರ್ ಕಪ್ಪನ್ನು ಮೇಜಿನ ಮೇಲಿಟ್ಟ. "ಕಣ್ಣು ಮುಚ್ಚಿ?"

"ಮತ್ತೆ?"

"ಅದು ಇರೋದೇ ಕಣ್ಣಿಗೆ, ಮುದ್ದು. ಬೆಳಕು ಕಣ್ಣೊಳಗೆ ಹೋಗಬೇಕು. ದೀಪವನ್ನೇ ದಿಟ್ಟಿಸಬಾರದು, ಆದರೆ ಕಣ್ಣು ತೆರೆದೇ ಇರಬೇಕು."

"ನೀನು ಹೇಳಲಿಲ್ಲ."

"ಇದನ್ನ ಹೇಳಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದ ಹಾಲ್ವರ್. ಅವನ ದನಿಯಲ್ಲಿ ಅಪಹಾಸ್ಯವಿರಲಿಲ್ಲ, ಒಂದು ದೇಶದ ಬಗ್ಗೆ ಹೊಸದಾಗಿ ತಿಳಿದುಕೊಂಡವನ ಮರ್ಯಾದೆ ಇತ್ತು. "ನಮ್ಮಲ್ಲಿ ಪೇಪರ್ ಓದ್ತಾರೆ. ಬ್ರೆಡ್ ತಿಂತಾರೆ."

ಸಂಜೆ ಹೆಂಡತಿಗೆ ಇದನ್ನು ತಿಳಿಸಲು ಮುದ್ದುಕೃಷ್ಣ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ ಹೇಳಿಬಿಟ್ಟ. ಅವಳು ಗೋಡೆಗೊರಗಿ ಕೇಳಿದಳು.

"ಅಂದರೆ ಇಷ್ಟು ದಿನ ದೀಪ ನನ್ನ ನೋಡ್ತಾ ಕೂತಿತ್ತು ಅನ್ನಿ."

"ಕಣ್ಣು ಯಾಕೆ ಮುಚ್ಚಿದೆ ಹೇಮಾ?"

"ದೀಪದ ಮುಂದೆ ಪಿಳಿಪಿಳಿ ಕಣ್ಣು ಬಿಟ್ಕೊಂಡು ಕೂತ್ಕೊಂಡಿದ್ದರೆ ನಮ್ಮಮ್ಮ ತಲೆಗೆ ಮೊಟಕ್ತಿದ್ದಳು. ಕೂತ್ಕೋ ಅಂದ್ರಿ, ಕೂತೆ."

"ನಿನಗೆ ನಂಬಿಕೆ ಇರಲಿಲ್ಲವಲ್ಲ, ಯಾಕೆ ಕೂತೆ?"

"ನೀವು ಟೇಪು ಹಿಡಿದು ನನ್ನ ಮೂಗು ಅಳೆದ್ರಲ್ಲ. ಆ ಮುಖ ನೋಡಿದ ಮೇಲೆ ಬೇಡ ಅನ್ನೋಕಾಗಲಿಲ್ಲ."

ಆದರೆ ಕಣ್ಣು ತೆರೆದಿಡುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಪುಸ್ತಕ ಹಿಡಿದರೆ ಅಕ್ಷರ ಓಡುತ್ತಿರಲಿಲ್ಲ, ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಆಗ ಬಂದವಳು ಪೂವಕ್ಕ, ರೋಶನ್‌ನ ತಾಯಿ. ಮೂಲ್ಕಿ ಕಡೆಯವಳು, ಮಗನ ಮನೆಗೆ ವಿಸಿಟಿಗೆಂದು ಬಂದು ಇಡೀ ವಿಲ್ಲಾದ ಯಜಮಾನಿಕೆ ವಹಿಸಿಕೊಂಡಿದ್ದವಳು. ಬಾಗಿಲ ಸಂದಿನಿಂದ ಹೊರಬೀಳುತ್ತಿದ್ದ ಬೆಳಕು ಅವಳನ್ನು ಬಹಳ ದಿನದಿಂದ ಕಾಡಿತ್ತು.

"ಎಂತ ಹೇಮಾ, ಬೆಳಿಗ್ಗೆ ಬೆಳಿಗ್ಗೆ ಶೂಟಿಂಗ್ ಉಂಟಾ ನಿಮ್ಮಲ್ಲಿ?"

ಹೇಮಲತಾ ವಿಷಯ ಹೇಳಿದಳು, ಮುಚ್ಚಿದ ಕಣ್ಣಿನದೂ ಸೇರಿಸಿ. ಪೂವಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಳೆಯಿಂದ ನಾನು ಬರ್ತೇನೆ. ನನ್ನೆದುರು ಕೂತವರಿಗೆ ನಿದ್ದೆ ಬಂದದ್ದು ಈವರೆಗೆ ಇಲ್ಲ."

ಅವಳು ಹೇಳಿದಂತೆಯೇ ಬಂದಳು, ಬರಿಗೈಯಲ್ಲಲ್ಲ. ಅಷ್ಟು ಒಳ್ಳೆಯ ಬೆಳಕನ್ನು ಸುಮ್ಮನೆ ಹಾಳುಮಾಡುವುದು ಅವಳಿಂದಾಗದು. ಒಂದು ದಿನ ಬಸಳೆ ಸೊಪ್ಪು, ಒಂದು ದಿನ ಅಕ್ಕಿ ಆರಿಸುವ ಮೊರ, ಒಂದು ದಿನ ಮಗನ ಅಂಗಿಗೆ ಗುಂಡಿ ಹೊಲಿಯುವ ಕೆಲಸ. ದೀಪದ ಓರೆಗೆ ಇಬ್ಬರೂ ಕೂರುತ್ತಿದ್ದರು. ಪೂವಕ್ಕನ ಬಾಯಿ ನಿಲ್ಲುತ್ತಿರಲಿಲ್ಲ, ಹೇಮಲತಾಳ ಕೈ ತಾನಾಗಿ ಕಲ್ಲು ಹೆಕ್ಕುತ್ತಿತ್ತು. ಕೆಲವು ದಿನಗಳಲ್ಲಿ ಅವಳು ಪೂವಕ್ಕ ಬರುವ ಮುಂಚೆಯೇ ಎದ್ದು ಕಾಫಿ ಇಡುವಂತಾದಳು. ಟ್ಯೂಷನ್ ಹುಡುಗಿಯೊಬ್ಬಳು ಲೆಕ್ಕ ಬರದೆ ಅಳುತ್ತ ಬಂದಾಗ ವಾಪಸು ಕಳಿಸಲಿಲ್ಲ.

ದೀಪದ್ದೋ ಪೂವಕ್ಕನದೋ ಈ ಪ್ರತಾಪ ಎಂದು ಮುದ್ದುಕೃಷ್ಣ ಆಫೀಸಿನಲ್ಲಿ ಕೇಳಿದ. ಹಾಲ್ವರ್ ಯೋಚಿಸಿ, ನಮ್ಮಲ್ಲಿ ಅದರ ಮುಂದೆ ಒಬ್ಬೊಬ್ಬರೇ ಕೂರುತ್ತಾರೆ, ಅದು ಮೂರ್ಖತನ ಎಂದ.

ಜನವರಿ ಕೊನೆಯ ಶುಕ್ರವಾರ, ರಜೆಯ ದಿನ. ಮುದ್ದುಕೃಷ್ಣ ಬಚ್ಚಲಲ್ಲಿ ಗಡ್ಡ ಕೆರೆಯುತ್ತಿದ್ದಾಗ ಹೊರಗೆ ದನಿ ಏರಿತು.

"ಪೂವಕ್ಕ, ಇದೇನಿದು?"

"ಒಣ ಸಿಗಡಿ ಹೇಮಾ. ನನ್ನ ಕಣ್ಣಿಗೆ ಅಲ್ಲಿ ಸರಿ ಕಾಣುದಿಲ್ಲ. ಈ ದೀಪದಲ್ಲಿ ಅದರ ಒಂದೊಂದು ಮೀಸೆಯೂ ಕಾಣ್ತದೆ ನೋಡಿ."

"ನಾವು ತಿನ್ನೋದಿಲ್ಲ ಅಂತ ಗೊತ್ತಿಲ್ವಾ ನಿಮಗೆ?"

"ತಿನ್ನಿ ಅಂತ ಹೇಳಿದೆನಾ? ಮೀಸೆ ತೆಗೀಲಿಕ್ಕೆ ಕೂತದ್ದು."

"ಕಿಟಕಿ ಇಲ್ಲದ ಮನೆ ಇದು. ಈ ವಾಸನೆ ರಂಜಾನ್‌ವರೆಗೂ ಹೋಗಲ್ಲ. ಒಂದು ಮಾತು ಕೇಳಬಾರದಾ ತರೋ ಮುಂಚೆ? ನೀವೂ ಸರಿ, ನಮ್ಮನೆಯವರೂ ಸರಿ, ಯಾರಿಗೂ ಒಂದು ಮಾತು ಕೇಳೋ ಅಭ್ಯಾಸವೇ ಇಲ್ಲ. ಅವರ ಟವೆಲು ನೋಡಿ ಅಲ್ಲಿ. ಎಷ್ಟು ವರ್ಷದಿಂದ ಹೇಳ್ತಿದ್ದೀನಿ, ಕಿವಿ ಇದೆಯಾ ಅವರಿಗೆ?"

ಮುದ್ದುಕೃಷ್ಣ ಅರ್ಧ ಗಡ್ಡದ ನೊರೆಯಲ್ಲೇ ಬಚ್ಚಲ ಬಾಗಿಲಿಗೆ ಕಿವಿಯಿಟ್ಟು ನಿಂತ. ಇಷ್ಟು ಹಿತವಾದ ಬೈಗುಳವನ್ನು ಅವನು ಕೇಳಿ ತಿಂಗಳುಗಳೇ ಆಗಿದ್ದವು. ಅವನು ಹೊರಬರುವ ಹೊತ್ತಿಗೆ ಪೂವಕ್ಕ ತಟ್ಟೆಯನ್ನು ಸೆರಗಿನಡಿ ಹಿಡಿದು ಹೊರಟಿದ್ದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ.

"ನಿಮ್ಮ ಹೆಂಡತಿಗೆ ಗುಣ ಆಯ್ತು ಮಾರಾಯ್ರೆ," ಎಂದಳು ಹೊಸ್ತಿಲಲ್ಲಿ. "ಇನ್ನು ನಿಮ್ಮನ್ನು ದೇವರೇ ಕಾಯಬೇಕು."

ಅವಳು ಹೋದ ಮೇಲೆ ಮುದ್ದುಕೃಷ್ಣ ಟವೆಲನ್ನು ಎತ್ತಿ ಹಗ್ಗಕ್ಕೆ ಹಾಕಿದ. ಕೇಳಲೇಬೇಕಾದದ್ದನ್ನು ಮುಂದಕ್ಕೆ ಹಾಕುವಂತಿರಲಿಲ್ಲ.

"ಫೆಬ್ರವರಿ ಬಂತು ಹೇಮಾ. ಹೋಗೋ ವಿಷಯ ಏನು ಯೋಚನೆ ಮಾಡಿದೆ?"

"ಏಪ್ರಿಲಲ್ಲಿ ಹೋಗ್ತೀನಿ. ಅಮ್ಮನ ಜೊತೆ ಒಂದು ತಿಂಗಳಿದ್ದು ಬರ್ತೀನಿ."

"ಬರ್ತೀಯಾ?"

"ಬರ್ತೀನಿ ಅಂದೆನಲ್ಲ. ಆದರೆ ಮುಂದಿನ ಚಳಿಗಾಲ ಹೀಗೆ ಕಳೆಯೋದಿಲ್ಲ. ಹೊರಗೆ ಅಷ್ಟೊಂದು ಬಿಸಿಲು ಇಟ್ಕೊಂಡು ಸ್ಟೂಲಿನ ಮೇಲಿನ ಪೆಟ್ಟಿಗೆಗೆ ಮುಖ ಕೊಟ್ಟು ಕೂರೋಕೆ ನಾನೇನು ನಾರ್ವೆಯವಳಾ? ಡ್ರೈವಿಂಗ್ ಕಲೀತೀನಿ. ಪೂವಕ್ಕನ ಸೊಸೆ ಕಲಿತಿದ್ದಾಳೆ, ಎಲ್ಲಾ ವಿಚಾರಿಸಿದ್ದೀನಿ. ಬೆಳಿಗ್ಗೆ ಹೆಂಗಸರದೇ ಕ್ಲಾಸ್ ಇದೆಯಂತೆ."

"ನಾನೇ ಇನ್ನೂ ಕಲಿತಿಲ್ಲ."

"ಗೊತ್ತು. ನೀವು ಕಲಿಯೋವರೆಗೆ ಕಾದ್ರೆ ನನಗೆ ಮುಪ್ಪು ಬರತ್ತೆ." ಅವಳು ದೀಪ ಆರಿಸಿದಳು, ಅಭ್ಯಾಸಬಲದಿಂದ ಅದಕ್ಕೊಂದು ಕೈಮುಗಿದಳು. "ಒಂದೇ ತೊಂದರೆ. ನನ್ನ ವೀಸಾಕ್ಕೆ ಸ್ಪಾನ್ಸರ್ ನೀವು. ಗಂಡನ ಅಭ್ಯಂತರ ಇಲ್ಲ ಅಂತ ಬರೆಸಿ ತರಬೇಕಂತೆ. ಏನಂತೀರಿ?"

ಮದುವೆಯಾದಂದಿನಿಂದ ಅವಳು ಯಾವುದಕ್ಕಾದರೂ ಅವನ ಒಪ್ಪಿಗೆ ಕೇಳಿದ್ದು ಇದೇ ಮೊದಲು, ಅದೂ ಕತಾರ್ ಸರ್ಕಾರ ಕೇಳಿದ್ದರಿಂದ. 'ನೋಡೋಣ'ದ 'ನೋ' ಎನ್ನುವ ಅಕ್ಷರ ನಾಲಿಗೆಯ ತುದಿಗೆ ಬಂದಿತ್ತು. ಅವಳ ಹುಬ್ಬು ಮೇಲೇರಿದ್ದನ್ನು ಕಂಡು ಮುದ್ದುಕೃಷ್ಣ ಅದನ್ನು ನುಂಗಿಕೊಂಡ.

"ಆಯ್ತು," ಎಂದ. "ಪೆನ್ನೆಲ್ಲಿದೆ?"