ಒಂದೇ ಎತ್ತರದ ಕುರ್ಚಿಗಳು

ಫ್ಯಾನಿನ ಗಾಳಿಗೆ ಪರದೆ ಉಬ್ಬುತ್ತದೆ, ಉಬ್ಬಿ ಅವಳ ಭುಜಕ್ಕೆ ತಾಗುತ್ತದೆ, ಅವಳು ಸರಿಸುವುದಿಲ್ಲ, ಎದ್ದು ಹೋಗಿ ಕಟ್ಟಿಬಿಡಲೇ ಎಂದುಕೊಂಡ ಮಾಸ್ತರ, ಬೇಡ, ಈಗ ಎದ್ದರೆ ಜಾರಿಕೊಂಡಂತಾಗುತ್ತದೆ, ಅವಳ ಪ್ರಶ್ನೆ ಇನ್ನೂ ಇಬ್ಬರ ನಡುವೆ ಹಾಗೇ ಬಿದ್ದಿದೆ. ನೀವೇ ಹೇಳಿ, ನಾಳೆ ನಾನು ಮೇಲೆ ಹತ್ತಲಾ, ಬೇಡವಾ. ಅಷ್ಟೇ ಅವಳು ಕೇಳಿದ್ದು. ಊರೆಲ್ಲ ಕಾಣುವ ಎತ್ತರದಲ್ಲಿ ಕೂತು ಕ್ರೇನ್ ನಡೆಸುತ್ತಿದ್ದ ಹೆಂಗಸು, ಎಂಥೆಂಥ ತೊಲೆಗಳನ್ನು ಮಗುವನ್ನು ಮಲಗಿಸಿದ ಹಾಗೆ ಇಳಿಸಿದವಳು, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದು ಕೊಕ್ಕೆಯಲ್ಲಿದ್ದ ಕಂಬಿಗಳ ಕಟ್ಟು ತೂಗಾಡಿತು, ಯಾರಿಗೂ ಏನೂ ಆಗಲಿಲ್ಲ, ಕಟ್ಟನ್ನು ಜೋಪಾನವಾಗಿ ನೆಲ ಮುಟ್ಟಿಸಿಯೇ ಅವಳು ಕ್ಯಾಬಿನ್ ಬಿಟ್ಟಿದ್ದು, ಆದರೆ ಇಳಿಯುವಾಗ ಅರ್ಧ ದಾರಿಯಲ್ಲಿ ಏಣಿ ಹಿಡಿದ ಕೈ ಬಿಚ್ಚಲಿಲ್ಲ — ಬಿಚ್ಚು ಅಂದ್ರೆ ಬಿಚ್ತಿಲ್ಲ, ಯಾರದೋ ಕೈ ಅನ್ನೋ ಹಾಗೆ, ಎಂದಿದ್ದಳು ಮೊದಲ ಸಲ ಬಂದಾಗ — ಜೊತೆಗಾರ ಹತ್ತಿ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಅಂದಿನಿಂದ ನೆಲದ ಮೇಲೆ ನಿಂತು ಬಾವುಟ ಬೀಸುವ ಕೆಲಸ. ಇವತ್ತು ಸಂಜೆಯೊಳಗೆ ಮೇಸ್ತ್ರಿಗೆ ಹೂಂ ಅನ್ನಬೇಕು, ಇಲ್ಲವಾದರೆ ಆ ಕ್ಯಾಬಿನ್ನಿಗೆ ಬೇರೆಯವರು ಕಾಯಂ ಆಗಿ ಬರುತ್ತಾರೆ, ಬಂದವರು ಮತ್ತೆ ಇಳಿಯುವುದಿಲ್ಲ. ಅವಳ ಬಲಗೈ ಮೇಜಿನ ಮೇಲಿದೆ, ಮುಷ್ಟಿ ಕಟ್ಟಿಕೊಂಡು.

ನಿಮಗೇನನ್ನಿಸುತ್ತದೆ ಎಂದು ತಿರುಗಿಸಿ ಕೇಳಬೇಕು ಈಗ, ಅದೇ ಪದ್ಧತಿ, ಅವನದೇ ಪದ್ಧತಿ, ತಲೆ ಕೆರೆದುಕೊಂಡು ಕೆರೆದುಕೊಂಡು ಕಟ್ಟಿದ್ದು, ಬಂದವರು ರೋಗಿಗಳಲ್ಲ, ಶಿಷ್ಯರಲ್ಲ, ಸರಿಸಮ ಪಾಲುದಾರರು, ದಾರಿ ಅವರದು, ಲೈಫ್ ಕೋಚ್ ಎಂದರೆ ಪಕ್ಕದಲ್ಲಿ ನಡೆಯುವವನು ಅಷ್ಟೇ. ಈಜುಕೊಳದ ದಡದಲ್ಲಿ ಸೀಟಿ ಊದುತ್ತ ಅರ್ಧ ಆಯುಷ್ಯ ಕಳೆದವನು, ಕೈ ಚಾಚು, ಕಾಲು ಬಡಿ, ಉಸಿರು ಬಿಡು, ಸೀಟಿ ಮಾಸ್ತರ ಎಂಬ ಹೆಸರು ಅಂಟಿದ್ದೂ ಅಲ್ಲೇ, ಸಾಕಪ್ಪ ಈ ಅಪ್ಪಣೆ ಕೊಡುವ ಬಾಳು ಎಂದು ಬಿಟ್ಟು ಬಂದು ಈ ಕೋಣೆ ಹಿಡಿದ. ದೊಡ್ಡ ಮೇಜು ಹೋಗಿ ದುಂಡನೆಯದು ಬಂತು, ಪ್ರಮಾಣಪತ್ರ ಗೋಡೆಯಿಂದಿಳಿದು ಕಪಾಟು ಸೇರಿತು, ಕುರ್ಚಿಗಳೆರಡೂ ಒಂದೇ ಎತ್ತರ, ಒಂದರ ಕಾಲು ಕೂದಲೆಳೆಯಷ್ಟು ಉದ್ದವಿದೆ ಕೊಯ್ದು ಕೊಡು ಎಂದರೆ ಬಡಗಿ ಮುಖ ನೋಡಿದ, ಸಾರ್, ಕೂರೋದು ಕುರ್ಚಿ ಮೇಲೆ ತಾನೆ, ತಕ್ಕಡಿ ಮೇಲಲ್ಲವಲ್ಲ. ಹೆಂಡತಿ ಆ ಬಡಗಿಗಿಂತ ಒಂದು ಕೈ ಮೇಲು, ಸಮಾನತೆ ಎಲ್ಲ ಆ ರೂಮಿಗೇ ಮುಗಿದುಹೋಗುತ್ತೆ, ಟಿವಿ ರಿಮೋಟು ಮಾತ್ರ ಜನ್ಮಕ್ಕೂ ನಿಮ್ಮ ಕೈಲೇ. ಮಗಳು ಒಂದು ದಿನ ಯಾವ ಕೋರ್ಸ್ ತಗೊಳ್ಳಲಿ ಎಂದು ಕೇಳಿದಾಗ ಅಭ್ಯಾಸಬಲದಿಂದ ನಿನಗೇನನ್ನಿಸುತ್ತೆ ಎಂದುಬಿಟ್ಟ, ಅಪ್ಪಾ, ಕೆಲಸ ಮುಗಿಸಿ ಮನೆಗೆ ಬಂದಿದ್ದೀರಿ, ನಾನು ನಿಮ್ಮ ಕ್ಲೈಂಟ್ ಅಲ್ಲ — ಅವನೂ ನಕ್ಕಿದ್ದ, ನಗು ಒಳಗಿಳಿಯಲಿಲ್ಲ. ಪರದೆ ಮತ್ತೆ ಉಬ್ಬಿತು. ಎದುರಿಗೆ ಕೂತ ಇವಳೂ ಒಂದು ಮಾತು ಹೇಳಿದ್ದಳಲ್ಲ, ಎರಡನೆಯ ಸಲವೋ ಮೂರನೆಯದೋ, ಪಾಲುದಾರರು ಅಂತೀರಿ, ಆದ್ರೆ ನಿಯಮ ಮಾಡೋವಾಗ ನನ್ನ ಕರೀಲೇ ಇಲ್ವಲ್ಲ, ತಮಾಷೆಗೇ ಹೇಳಿದ್ದಳು, ಅವನೂ ತಮಾಷೆಯಾಗಿಯೇ ತೆಗೆದುಕೊಂಡಿದ್ದ. ಈಗ ಚುಚ್ಚುತ್ತದೆ. ಕುರ್ಚಿ ಅವನು ಆರಿಸಿದ್ದು, ಸುಮ್ಮನಿರುವ ಹೊತ್ತು ಅವನು ಗೊತ್ತುಮಾಡಿದ್ದು, ಪ್ರಶ್ನೆ ಅವನದು, ಕೋಚ್ ತನ್ನ ಭಯಗಳನ್ನು ಕೊಡೆಯ ಹಾಗೆ ಬಾಗಿಲಾಚೆ ಇಟ್ಟು ಬರಬೇಕು ಎಂಬ ನಿಯಮವೂ ಅವನದೇ, ಸಮಪಾಲಿನ ಅಂಗಡಿಯನ್ನು ಒಬ್ಬನೇ ಕಟ್ಟಿ ಒಬ್ಬನೇ ಬೀಗ ಹಾಕಿಕೊಂಡಿದ್ದಾನೆ. ಈ ಮೌನವೂ ಸೀಟಿಯೇ ಅಲ್ಲವೇ, ಸದ್ದಿಲ್ಲ ಅಷ್ಟೇ, ಊದಿದವನು ದಡದಲ್ಲಿ ಮೈ ಒದ್ದೆಯಾಗದೆ ನಿಂತಿದ್ದಾನೆ, ನೀರಿನಲ್ಲಿರುವವಳು ಇವಳು. ಮುಷ್ಟಿಯ ಗೆಣ್ಣುಗಳು ಬೆಳ್ಳಗಾಗಿವೆ.

ಹತ್ತಿ ಎಂದುಬಿಟ್ಟರೆ, ಹತ್ತಿದವಳ ಕೈ ಮತ್ತೆ ನಡುದಾರಿಯಲ್ಲಿ ಕಚ್ಚಿಕೊಂಡರೆ, ಬೇಡ ಎಂದರೆ ಜೀವಮಾನವಿಡೀ ಕೆಳಗೆ ನಿಂತು ಕತ್ತೆತ್ತಿ ನೋಡುವ ಹೆಂಗಸು, ನಿಮಗೇನನ್ನಿಸುತ್ತದೆ ಎಂದರೆ ಕೈ ತೊಳೆದುಕೊಂಡಂತೆ — ಅನ್ನಿಸುವುದು ಅವನಿಗೂ ಇದೆಯಲ್ಲ, ಬೆಳಿಗ್ಗೆ ಹಲ್ಲುಜ್ಜುವಾಗ ಏಣಿ ಕಣ್ಣಿಗೆ ಕಟ್ಟಿತ್ತು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ತನ್ನ ಕೈಯನ್ನೇ ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ ನೋಡಿಕೊಂಡಿದ್ದ, ಪಕ್ಕದವರು ಒಂದು ಥರ ನೋಡಿದರು. ಹೆದರಿಕೆ, ಅದಕ್ಕೆ ಬೇರೆ ಹೆಸರಿಲ್ಲ, ಇವಳಿಗಾಗಿ ಹೆದರಿಕೆ, ಇವಳಿಗೇನಾದರೂ ಆದರೆ ತನ್ನ ಗತಿಯೇನು ಎಂಬ ಹೆದರಿಕೆಯೂ ಅದರ ಬೆನ್ನಿಗೇ. ಪದ್ಧತಿ ಹಾಳಾಗಿ ಹೋಗಲಿ. ನನಗೆ ನೀವು ಹತ್ತೋದು ಬೇಡ ಅನ್ನಿಸ್ತಿದೆ, ಎಂದ ಮಾಸ್ತರ, ಯಾಕೆ ಅಂದ್ರೆ ನನಗೆ ಹೆದರಿಕೆ, ಆದ್ರೆ ಅದು ನನ್ನ ಹೆದರಿಕೆ, ನಿಮ್ಮ ಉತ್ತರ ಅಲ್ಲ, ನಿಮ್ಮ ಉತ್ತರ ನಂಗೆ ಗೊತ್ತಿಲ್ಲ. ಹೇಳಿ ಮುಗಿಸಿದ ಮೇಲೆ ಏನನ್ನೋ ಕೈಯಾರೆ ಒಡೆದುಹಾಕಿದ ಹಾಗೆ, ಎದ್ದು ಹೋಗುತ್ತಾಳೆ ಈಗ, ಹೋಗಲಿ. ಅವಳು ಹೋಗಲಿಲ್ಲ. ಮೊದಲ ಬಾರಿಗೆ ಬೆನ್ನನ್ನು ಕುರ್ಚಿಗೆ ಪೂರ್ತಿ ಒರಗಿಸಿದಳು. ಇಷ್ಟು ದಿನ ಈ ರೂಮಲ್ಲಿ ಹೆದರ್ತಿದ್ದವಳು ನಾನೊಬ್ಬಳೇ, ಎಂದಳು. ಅವಳೇ ಮುಂದುವರಿಸಿದಳು, ನಿಮಗೆ ಹೇಳೇ ಇಲ್ಲ ನೋಡಿ, ಬೀಳ್ತೀನಿ ಅನ್ನೋ ಹೆದರಿಕೆ ಅಲ್ಲ ನಂದು, ಬಿದ್ದರೆ ಬಿದ್ದೆ, ಮತ್ತೆ ಯಾರೋ ಒಬ್ಬರು ಹತ್ತಿ ಬಂದು ನನ್ನ ಬೆರಳು ಬಿಡಿಸ್ಬೇಕಾಗುತ್ತಲ್ಲ, ಎಲ್ಲರೂ ಕೆಳಗೆ ನಿಂತು ನೋಡ್ತಿರ್ತಾರಲ್ಲ, ಅದು. ಅದು ಎನ್ನುವಾಗ ಅವಳ ದನಿ ಸಣ್ಣಗಾಯಿತು. ಅವನ ಕೈ ತನಗೇ ಗೊತ್ತಿಲ್ಲದೆ ಮೇಜಿನಂಚಿಗೆ ಬಂದಿತ್ತು, ಇನ್ನೇನು ಚಾಚಬೇಕು, ಆ ಮುಷ್ಟಿಯನ್ನು ಮೆಲ್ಲಗೆ ಬಿಡಿಸಬೇಕು — ಬೆಚ್ಚಿ ಕೈಯನ್ನು ಹಿಂದಕ್ಕೆಳೆದುಕೊಂಡ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂತ. ಎಲ್ಲೋ ಒಂದು ಬಾಗಿಲು ಬಡಿದುಕೊಂಡಿತು. ಮಧ್ಯಾಹ್ನ ಸರಿಯುತ್ತಿದೆ, ಮೇಸ್ತ್ರಿ ಕಾಯುತ್ತಿದ್ದಾನೆ, ಹತ್ತುವುದು, ಇಳಿಯುವುದು, ಯಾವುದೂ ತಲೆಗೆ ಬರುತ್ತಿಲ್ಲ, ಮೇಜಿನ ಮೇಲೆ ಮುಷ್ಟಿ, ಅವಳೂ ಅದನ್ನೇ ನೋಡುತ್ತಿದ್ದಾಳೆ, ಇಬ್ಬರೂ ನೋಡುತ್ತಿದ್ದಾರೆ, ಕಿರುಬೆರಳು ತಾನಾಗಿಯೇ ಎದ್ದಿದೆ, ಉಳಿದವು ಇನ್ನೂ ಒಳಗೇ.