ಅಮ್ಮನ ಕಡೆಯ ಟಕ್

ಬಾಯಿ ಅಗಲಿಸಿದರೆ ನನ್ನ ಬಲಗಿವಿಯ ಮುಂದೆ ‘ಟಕ್’ ಎನ್ನುತ್ತದೆ. ಕಾಲೇಜು ಮುಗಿದ ವರ್ಷ ಶುರುವಾದದ್ದು. ಅದು ಜೋರಾದ ವಾರ ತಲೆನೋವೂ ಜೊತೆಗೆ ಬರುತ್ತದೆ. ಟಕ್ಕಿನ ಸಂಗತಿ ಡೈರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಾನು ಮಾತಾಡುವುದೇ ಅಪರೂಪ, ಕೇಳಿಸುವುದಾದರೂ ಯಾರಿಗೆ?

ಕೇಳಿಸಿಕೊಂಡದ್ದು ಮೈಕು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸಿಕೊಳ್ಳುವ ಕೇಂದ್ರವೊಂದರಲ್ಲಿ ನನ್ನನ್ನು ಪರೀಕ್ಷೆಗೆ ಕರೆದಿದ್ದರು. ಗಾಜಿನ ಕೋಣೆಯಲ್ಲಿ ಒಬ್ಬಳೇ ಕೂತು, ಯಾರ ಮುಖವನ್ನೂ ನೋಡದೆ ಓದುವ ಕೆಲಸ. ನನ್ನ ಅಳತೆಗೇ ಹೊಲಿದಂತಿತ್ತು. ಎರಡು ಪುಟ ಓದಿ ಹೊರಬಂದಾಗ ಧ್ವನಿಮುದ್ರಕರು ಹೆಡ್‌ಫೋನ್ ತೆಗೆದು, ಭೂಗೋಳದ ಪಾಠದೊಳಗೆ ಗೋಡೆ ಗಡಿಯಾರ ಎಲ್ಲಿಂದ ಬಂತು ಎಂದು ಕೇಳಿದರು. ದವಡೆ ತೋರಿಸಿದೆ. ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ. ಶುಕ್ರವಾರ ಇನ್ನೊಮ್ಮೆ ಬನ್ನಿ, ಅಷ್ಟರಲ್ಲಿ ಗಡಿಯಾರ ನಿಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು.

ಮಂಗಳವಾರ ಹಲ್ಲಿನ ಡಾಕ್ಟರಮ್ಮನ ಬಳಿ ಹೋದೆ. ಅವರು ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು. ಕೀಲಿನೊಳಗಿನ ಮೆತ್ತೆ ಸ್ವಲ್ಪ ಜಾರಿದೆ, ಭಯಪಡುವಂಥದ್ದಲ್ಲ, ಹಲ್ಲು ಕಚ್ಚಿಕೊಂಡು ಕೂರಬೇಡ, ದವಡೆ ದಣಿಸಬೇಡ ಎಂದರು. ತಲೆನೋವಿನ ಮಾತೆತ್ತಿದ್ದೇ ತಡ, ಮನೆಯಲ್ಲಿ ಇನ್ಯಾರಿಗಿದೆ ಎಂದು ಕೇಳಿದರು.

“ದವಡೆ ಕೀಲಿನ ತೊಂದರೆ, ತಲೆನೋವು, ಎರಡರ ಹಿಂದೆಯೂ ಕೆಲವು ವಂಶವಾಹಿಗಳು ಒಂದೇ ಇರಬಹುದು ಅಂತಾರೆ. ಎಲ್ಲಾ ಅದರಿಂದಲೇ ಅಂತಲ್ಲ. ಆದ್ರೂ ಒಂದ್ಸಲ ಕೇಳಮ್ಮ.”

ಮನೆಯಲ್ಲಿ ಕೇಳುವುದೇ ಕಷ್ಟ. ನಮ್ಮಲ್ಲಿ ತಲೆನೋವೆಂದರೆ ಅತ್ತೆಯ ಸೊತ್ತು, ಅಂದರೆ ಅಪ್ಪನ ಅಕ್ಕನದು. ನಾನು ಹಣೆ ಒತ್ತಿಕೊಂಡಾಗಲೆಲ್ಲ ಅಮ್ಮ “ನಿಮ್ಮ ಕಡೆಯದು” ಎಂದು ಅಪ್ಪನತ್ತ ಬೆರಳು ಮಾಡುತ್ತಾಳೆ. ಅಪ್ಪ ತಪ್ಪೊಪ್ಪಿಕೊಂಡವರಂತೆ ಎದ್ದು ಮಾತ್ರೆ ತರುತ್ತಾರೆ.

ಸಂಜೆ ಅಪ್ಪ ಸೇಬು ಹೆಚ್ಚುತ್ತಿದ್ದರು. ದವಡೆಯ ಕಥೆ, ಡಾಕ್ಟರಮ್ಮ ಹೇಳಿದ್ದು, ಶುಕ್ರವಾರದ ಗಡುವು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಕೇಳುತ್ತಲೇ ಅಮ್ಮ ದಪ್ಪ ಹೋಳೊಂದಕ್ಕೆ ಬಾಯಿ ತೆರೆದಳು. ಟಕ್.

ನನ್ನ ದವಡೆ ಮುಟ್ಟಿ ನೋಡಿಕೊಂಡೆ. ನನ್ನದಲ್ಲ.

“ಇಪ್ಪತ್ತೈದು ವರ್ಷದಿಂದ ಕೇಳ್ತಿದೀನಿ,” ಅಪ್ಪ ಮೆಲ್ಲಗೆ ಅಂದರು. “ನಾನು ಮಾಡಿದ ಅಡುಗೆ ಸರಿ ಇಲ್ಲ ಅಂತ ಹಾಗ್ಮಾಡ್ತೀಯ ಅಂದ್ಕೊಂಡಿದ್ದೆ.”

“ಅಡುಗೆನೂ ಸರಿ ಇರ್ಲಿಲ್ಲ ಬಿಡಿ,” ಎಂದಳು ಅಮ್ಮ. ಆದರೆ ಅವಳ ಕಿವಿ ಕೆಂಪಾಗಿತ್ತು. ಆಮೇಲೆ ಒಂದೊಂದೇ ಹೊರಬಂತು. ಬಟ್ಟೆ ಮಡಚುತ್ತೇನೆಂದು ಹೇಳಿ ಅವಳು ಕೋಣೆಯ ಪರದೆ ಎಳೆದುಕೊಂಡು ಮಲಗುತ್ತಿದ್ದದ್ದು ತಲೆನೋವಿಗೆ. ಇಷ್ಟು ವರ್ಷ ಅತ್ತೆಯ ತಲೆಗೆ ಕಟ್ಟಿದ ಮೇಲೆ ತನಗೂ ಇದೆ ಎನ್ನಲು ಬಾಯಿ ಬಂದಿರಲಿಲ್ಲವಂತೆ.

ನನಗೆ ಬೇರೆಯೇ ಯೋಚನೆ. ಅಮ್ಮ ಹದಿನೆಂಟು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳು ಹೊರಡುವ ಹೊತ್ತು ಹೇಳಿದವಳು. ಅಲ್ಲಿ ಹೇಗೆ ನಿಭಾಯಿಸಿದೆ ಎಂದು ಕೇಳಿದೆ.

“ಮೊದ್ಲು ಬಾಯಿ ತೆರೆದು ಟಕ್ ಅನ್ನಿಸ್ಬಿಡ್ಬೇಕು ಕಣೇ, ಆಮೇಲೆ ಸ್ವಿಚ್ ಒತ್ತೋದು. ಹೇಳಿ ಮುಗಿಯೋ ತನಕ ಹಲ್ಲಿಗೆ ಹಲ್ಲು ತಾಗಿಸ್ಬಾರ್ದು. ತಾಗ್ತೋ, ಮತ್ತೆ ಟಕ್.”

ಎರಡು ದಿನ ಅಡುಗೆಮನೆಯೇ ಬಸ್ ನಿಲ್ದಾಣವಾಯಿತು. ನಾನು ಭೂಗೋಳ ಓದುವುದು, ಅಮ್ಮ ಸೌಟು ಹಿಡಿದು ಕಿವಿಗೊಡುವುದು. ಹಲ್ಲು ತಾಗಿದರೆ ಡಬ್ಬಿಯ ಮೇಲೆ ಒಂದೇಟು. ಅರ್ಧ ಪುಟಕ್ಕೊಮ್ಮೆ ದವಡೆಗೆ ಬಿಡುವು. ಆ ಮನೆಯಲ್ಲಿ ನಾನು ಅಷ್ಟು ದನಿ ಎತ್ತಿದ್ದು ಹುಟ್ಟಿದಾಗ ಅತ್ತದ್ದು ಬಿಟ್ಟರೆ ಆಗಲೇ ಇರಬೇಕು.

ಶುಕ್ರವಾರ, ಕೆಂಪು ದೀಪ ಹತ್ತುವ ಮುಂಚೆ ಟಕ್ ಅನ್ನಿಸಿಕೊಂಡೆ. ಮೊದಲ ಪುಟ ಸಲೀಸಾಗಿ ಹೋಯಿತು, ಎರಡನೆಯದೂ. ಮೂರನೆಯದರ ಕೊನೆಯ ಸಾಲಿಗೆ ಬಂದ ಖುಷಿಯಲ್ಲಿ ಹಲ್ಲು ಕೂಡಿಬಿಟ್ಟಿತು. ಗಾಜಿನಾಚೆ ಧ್ವನಿಮುದ್ರಕರು ಬೆರಳೆತ್ತಿದರು.

“ಒಂದೇ ತಾನೆ,” ಎಂದರು. “ಕತ್ತರಿಸಿ ಹಾಕ್ತೀನಿ. ಸೋಮವಾರದಿಂದ ಬನ್ನಿ.”

ತಲೆನೋವು ಬಂದ ದಿನಗಳನ್ನು ಬರೆದಿಡಲು ಡಾಕ್ಟರಮ್ಮ ಹೇಳಿದ್ದರು. ಡೈರಿಯ ಪುಟದ ನಡುವೆ ಗೆರೆ ಎಳೆದು, ಒಂದು ಕಡೆ ‘ನಾನು’, ಇನ್ನೊಂದು ಕಡೆ ‘ಅಮ್ಮ’ ಎಂದು ಬರೆದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಡೈರಿಯನ್ನು ಯಾರ ಕೈಗಾದರೂ ಸಿಗುವಂತೆ ಇಟ್ಟದ್ದು ಇದೇ ಮೊದಲು. ತನಗೆ ಬರೆಯುವಂಥದ್ದೇನೂ ಇಲ್ಲವೆಂದು ಅಮ್ಮ ಮುಖ ತಿರುಗಿಸಿದಳು.

ಭಾನುವಾರ ನೋಡಿದರೆ ಅವಳ ಕಡೆ ‘ಸ್ವಲ್ಪ’ ಎಂದಿತ್ತು. ಅದರ ಕೆಳಗೆ, ದುಂಡಗೆ, ಅಪ್ಪನ ಅಕ್ಷರ: ‘ನಮ್ಮ ಕಡೆಯದಲ್ಲ.’