ಮೂಡಣ ಗೋಡೆಯ ತೊಂಬತ್ತಾರು ಕಿಟಕಿ

ಕಿಟಕಿಯ ಕೆಳಗಿನ ಎರಡು ಮೂಲೆಗಳಲ್ಲಿ ಕೂತ ಧೂಳನ್ನು ನೀರು ಬೀಳುವ ಮೊದಲೇ ಒಣ ಬ್ಲೇಡಿನಿಂದ ಕೆರೆದು ತೆಗೆಯಬೇಕು. ತೆಗೆಯದೆ ನೀರು ಹೊಡೆದಿರೋ, ಧೂಳು, ಹೊಗೆ, ಪಾರಿವಾಳದ ಹಿಕ್ಕೆ ಎಲ್ಲ ಕಲಸಿ ಕೆಸರಾಗಿ ಅಲ್ಲೇ ಅವಿತುಕೊಳ್ಳುತ್ತದೆ. ಆವತ್ತೇನೋ ಗೋಡೆ ಫಳಫಳ ಹೊಳೆಯುತ್ತದೆ. ಆಮೇಲೆ ಆ ಕೆಸರು ಮೆಲ್ಲಗೆ ಜಿನುಗಿ, ಮೂರನೆಯ ದಿನ ಹೊತ್ತಿಗೆ ಒಂದೊಂದು ಕಿಟಕಿಯ ಕೆಳಗೂ ಎರಡು ಕಡೆ ಬೂದು ಗೆರೆ ಇಳಿದಿರುತ್ತದೆ. ಅದಕ್ಕೆ ನಾವು ಮೀಸೆ ಅನ್ನುತ್ತೇವೆ. ಮೀಸೆ ಬಿಟ್ಟ ಗೋಡೆ ಕಂಡರೆ ನಮ್ಮ ಕಸುಬಿನವರು ತೊಳೆದವನು ಯಾರು ಅಂತ ಕೇಳಿ ನಗುತ್ತಾರೆ.

ಇದನ್ನು ನನಗೆ ಕಲಿಸಿದ್ದು ನನ್ನಣ್ಣ. ಒಂದೇ ಹನ್ನೆರಡು ಮಹಡಿಯ ಆಫೀಸು ಕಟ್ಟಡದ ಹೊರಗೋಡೆ ತೊಳೆಯುತ್ತಾ ಹತ್ತೊಂಬತ್ತು ವರ್ಷ ಕಳೆದವನು ಅವನು. ತಂತಿಗೆ ನೇತುಬಿದ್ದ ತೊಟ್ಟಿಲಲ್ಲಿ ಅಣ್ಣ, ಚಾವಣಿಯಲ್ಲಿ ತಂತಿ ಕಾಯುತ್ತಾ ನಾನು, ಕೆಳಗೆ ನೀರಿನ ಪೈಪು ನೋಡಿಕೊಳ್ಳುತ್ತಾ ಕೊಳಾಯಿ. ಕೊಳಾಯಿಯ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಬಾಯಿ ತೆರೆದರೆ ನಿಲ್ಲಿಸುವುದು ಕಷ್ಟ ಅಂತ ಆ ಹೆಸರು. ಮೂವರೂ ಸೇರಿ ವರ್ಷಕ್ಕೆ ನಾಲ್ಕು ಸಲ ಆ ಕಟ್ಟಡವನ್ನು ಸುತ್ತುತ್ತಿದ್ದೆವು. ಕೊನೆಯ ಗೋಡೆ ಮುಗಿಯುವಷ್ಟರಲ್ಲಿ ಮೊದಲನೆಯದು ಮತ್ತೆ ಕೊಳೆಯಾಗಿರುತ್ತಿತ್ತು. ಹಾಗಾಗಿ ಕೆಲಸ ಯಾವತ್ತೂ ಮುಗಿಯುವುದಿಲ್ಲ ಅಂತ ನಾನು ನಂಬಿದ್ದೆ. ಎಂಥ ಬೆಪ್ಪ ನಾನು.

ಮಿಶಿನ್ನಿನ ಸುದ್ದಿ ತಂದವನು ಟೈ ಕಟ್ಟಿಕೊಂಡಿದ್ದ. ಅವನೂ ಏನೋ ಹೆಸರು ಹೇಳಿದ, ನಮ್ಮ ಬಾಯಲ್ಲಿ ಅವನು ಟೈ ಆಗಿಯೇ ಉಳಿದ. ಮಂಚದಷ್ಟು ಅಗಲದ ಉರುಳೆ ಬ್ರಷ್ಷು, ಅದರ ಎರಡು ಕಡೆ ನೀರು ಚಿಮ್ಮುವ ಕೊಳವೆಗಳು, ಬೆನ್ನಿಗೆ ಗೋಡೆಗೆ ಒತ್ತಿ ಹಿಡಿಯುವ ಫ್ಯಾನು. ಚಾವಣಿಯಿಂದ ತಂತಿಯಲ್ಲಿ ಇಳಿಬಿಟ್ಟರೆ ತಾನೇ ಉಜ್ಜಿಕೊಂಡು ಕೆಳಗೆ ಬರುತ್ತದೆ, ಒಳಗೆ ಮನುಷ್ಯ ಬೇಡ. ನಾವು ಹದಿನೈದು ದಿನ ತೆಗೆದುಕೊಳ್ಳುವ ಗೋಡೆ ಅದಕ್ಕೆ ಒಂದೂವರೆ ದಿನ. ಇದನ್ನೆಲ್ಲ ಅವನು ನಮ್ಮ ಮುಂದೆಯೇ ಮ್ಯಾನೇಜರಿಗೆ ನುಣ್ಣಗೆ ವಿವರಿಸುತ್ತಿದ್ದ. ನಾವು ಅಲ್ಲಿ ನಿಂತಿರುವ ಬಕೆಟ್ಟುಗಳು ಅಂದುಕೊಂಡಿದ್ದನೋ ಏನೋ.

ಮ್ಯಾನೇಜರು ಹಿಂದೆ ಮೀಸೆ ನೋಡಿ ಬೈದಿದ್ದ ಮನುಷ್ಯ. ಅಷ್ಟು ಸುಲಭಕ್ಕೆ ಮರುಳಾಗಲಿಲ್ಲ.

"ಸೋಮವಾರ, ಮಂಗಳವಾರ ಮೂಡಣ ಗೋಡೆ ತೊಳೀರಿ. ಶುಕ್ರವಾರ ನಾನು ಬಂದು ನೋಡ್ತೀನಿ. ಗೋಡೆ ಚೆನ್ನಾಗಿದ್ರೆ ಮಿಶಿನ್ನು. ಕಲೆ ಇಳಿದಿದ್ರೆ ಇವರೇ ಮುಂದುವರೀತಾರೆ," ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಉರುಳೆ ಬ್ರಷ್ಷು ದುಂಡಗಿದೆ, ಕಿಟಕಿಗಳು ಗೋಡೆಯಿಂದ ಒಂದು ಗೇಣು ಒಳಗಿವೆ. ದುಂಡಗಿನದು ಮೂಲೆಗೆ ಹೇಗೆ ಹೋದೀತು? ಮೂಡಣ ಗೋಡೆಯಲ್ಲಿ ಮಹಡಿಗೆ ಎಂಟರಂತೆ ತೊಂಬತ್ತಾರು ಕಿಟಕಿ. ನಾವು ಆ ಗೋಡೆ ಮುಟ್ಟಿ ಮೂರು ತಿಂಗಳಾಗಿತ್ತು. ಸುಮ್ಮನೆ ಕೈಕಟ್ಟಿ ಕೂತರೂ ಸಾಕಿತ್ತು, ಶುಕ್ರವಾರ ತೊಂಬತ್ತಾರು ಜೊತೆ ಮೀಸೆ ಟೈಯ ಮುಖಕ್ಕೆ ನಗುತ್ತಿದ್ದವು.

ಆ ಸಂಜೆ ಸಾಮಾನಿನ ಕೋಣೆಯಲ್ಲಿ ಮೂವರೂ ಕೂತೆವು.

"ಯಾರೂ ಆ ಗೋಡೆ ಕಡೆ ತಲೆ ಹಾಕೋದು ಬೇಡ," ಅಂದೆ. "ಮಿಶಿನ್ನಿನವರಿಗೆ ಮೂಲೆ ವಿಷಯ ಯಾರೂ ಹೇಳೋದೂ ಬೇಡ. ಮುಖ್ಯವಾಗಿ ನೀನು, ಕೊಳಾಯಿ."

"ನನ್ನ ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ," ಅಂದ ಕೊಳಾಯಿ, ಆಮೇಲೆ ಬೀಗದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದ.

ಅಣ್ಣ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬ್ಲೇಡುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದ. ಎಡಭುಜ ಸವೆದು ಎರಡು ವರ್ಷದಿಂದ ಕೈ ತಲೆಗಿಂತ ಮೇಲೆ ಏಳುತ್ತಿರಲಿಲ್ಲ. ಐವತ್ತೊಂದು ವಯಸ್ಸು. ಈ ಕೆಲಸ ಹೋದರೆ ಬೇರೆ ಕಡೆ ಅವನನ್ನು ಯಾರು ಸೇರಿಸಿಕೊಳ್ಳುತ್ತಾರೆ ಅನ್ನುವುದೇ ನನ್ನ ಚಿಂತೆ. ನಾನಿನ್ನೂ ಮೂವತ್ತೆಂಟು, ಎಲ್ಲಾದರೂ ಹೋಗಿ ಬಿದ್ದೇನು.

ಭಾನುವಾರ ನಾನು ಎದ್ದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಇರುವುದು ಅಣ್ಣನ ಮನೆಯಲ್ಲೇ, ಅಡುಗೆಮನೆಯ ಪಕ್ಕದ ಕೋಣೆ ನನ್ನದು. ಅತ್ತಿಗೆ ಊಟ ಮುಚ್ಚಿಟ್ಟು ಹೋಗಿದ್ದರು. ಅವರ ಅಕ್ಕನ ಮನೆಗೆ ಹೋಗಿರಬೇಕು ಅಂದುಕೊಂಡೆ. ಸಂಜೆ ಇಬ್ಬರೂ ಬಂದರು, ಅಣ್ಣ ಬೇಗ ಮಲಗಿದ, ಅತ್ತಿಗೆ ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಅದು ದಿನಾ ಇದ್ದದ್ದೇ.

ಸೋಮವಾರ ಮಿಶಿನ್ನು ಬಂತು. ಟೈಯ ಹುಡುಗರಿಗೆ ನಮ್ಮ ಚಾವಣಿಯ ಕೊಕ್ಕೆಗಳ ಅಂದಾಜು ಸಿಗಲಿಲ್ಲ. ತಂತಿ ಎಲ್ಲಿ ಕಟ್ಟಬೇಕು, ಗಾಳಿ ಎದ್ದರೆ ಯಾವ ಕಡೆ ಎಳೆಯಬೇಕು ಎಲ್ಲ ನಾನೇ ತೋರಿಸಿದೆ. ಶುಕ್ರವಾರದ ಮಜಾ ನೆನೆದು ಖುಷಿಯಿಂದಲೇ ತೋರಿಸಿದೆ. ಮಿಶಿನ್ನು ಗೊರಗೊರ ಅನ್ನುತ್ತಾ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಮಂಗಳವಾರ ಮಧ್ಯಾಹ್ನಕ್ಕೆ ಗೋಡೆ ಮುಗಿಯಿತು.

ಬುಧವಾರ ಒಂದು ಗೆರೆಯೂ ಇಲ್ಲ. ಇನ್ನೂ ತೇವ ಇದೆ ಅಂದುಕೊಂಡೆ. ಗುರುವಾರ ಚುರುಗುಟ್ಟುವ ಬಿಸಿಲು. ಎದುರಿನ ಫುಟ್‌ಪಾತಿನಲ್ಲಿ ಕತ್ತೆತ್ತಿ ಎಷ್ಟು ಹೊತ್ತು ನಿಂತಿದ್ದೆನೆಂದರೆ ದಾರಿಹೋಕರೂ ಏನೋ ಇದೆ ಅಂತ ನಿಂತು ಮೇಲೆ ನೋಡಿದರು. ಏನೂ ಇರಲಿಲ್ಲ. ಶುಕ್ರವಾರ ಮ್ಯಾನೇಜರು ಬಂದರು. ದುರ್ಬೀನು ಹಿಡಿದು ಕೆಳಗಿಂದ ಮೇಲಿನವರೆಗೆ ನೋಡಿದರು. ಆಮೇಲೆ ಟೈಯ ಕೈ ಕುಲುಕಿದರು.

 ಕೊಳಾಯಿ ಜೀವನದಲ್ಲಿ ಮೊದಲ ಸಲ ಸುಮ್ಮನೆ ನಿಂತಿದ್ದ.

ಮನೆಗೆ ಹೋಗಿ ಅತ್ತಿಗೆಯ ಮುಂದೆ ಗೊಣಗಿದೆ, ಇದೇನು ಮಾಯೆಯೋ, ಮೂಲೆ ಮುಟ್ಟದೆ ಮೂಲೆ ತೊಳೆಯುವ ಮಿಶಿನ್ನು ಅಂತ. ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ಮಡಚುವುದನ್ನು ನಿಲ್ಲಿಸಿದರು.

"ಮೂಲೆ ನಿಮ್ಮಣ್ಣ ಕೆರೆದ್ರು," ಅಂದರು. "ಭಾನುವಾರ. ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದು, ಮುಗಿಯೋ ಹೊತ್ತಿಗೆ ಬಿಸಿಲು ಇಳಿದಿತ್ತು. ಮೇಲೆ ಒಬ್ಬರು ಇರ್ಬೇಕಂತೆ ತಂತಿ ನೋಡ್ಕೊಳ್ಳೋಕೆ. ನಿನ್ನ ಕರೆಯೋಹಾಗಿರ್ಲಿಲ್ವಲ್ಲ. ನನ್ನ ನಿಲ್ಲಿಸಿದ್ರು."

ನಾನು ಮಡಚಿದ ಬಟ್ಟೆ ಸರಿಸಿ ಅವರೆದುರು ಕೂತೆ.

"ಹತ್ತೊಂಬತ್ತು ವರ್ಷ ಎಲ್ಲಿ ನೇತಾಡ್ತಿದ್ರು ಅನ್ನೋದನ್ನ ನಾನು ಆವತ್ತೇ ನೋಡಿದ್ದು ಕಣೋ," ಅಂದರು ಅತ್ತಿಗೆ. "ಬಗ್ಗಿ ನೋಡಿದೆ. ತಂತಿ ಹಿಡ್ಕೊಂಡು ಅಲ್ಲೇ ಕೂತ್ಬಿಟ್ಟೆ. ಅವರು ಕೆಳಗಿಂದ, ತಂತಿ ನೋಡು, ನನ್ನ ನೋಡ್ಬೇಡ, ಅಂತಿದ್ರು."

ಅಣ್ಣ ಹೊರಗಿನಿಂದ ಬಂದದ್ದೇ ತಡ, ನಾನು ಅವನ ಮೇಲೆ ಹಾರಿಬಿದ್ದೆ. ಅಣ್ಣ ಅನ್ನುವ ಗೌರವ ಬಿಟ್ಟು ಬಾಯಿಗೆ ಬಂದಂತೆ ಬೈದೆ. ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿಹಾಕಿಕೊಂಡೆ, ಅದೂ ಸಾಲದು ಅಂತ ನಮ್ಮ ಕಾಲ ಮೇಲೂ ಹಾಕಿದೆ ಅಂದೆ. ಯಾಕೆ, ಯಾಕೆ ಅಂತ ಹತ್ತು ಸಲ ಕೇಳಿರಬೇಕು.

ಅಣ್ಣ ಬೆಂಚಿನ ಮೇಲೆ ಕೂತ.

"ಎಲ್ಲರೂ ನೋಡೋಕೆ ಬರ್ತಿದ್ರಲ್ಲೋ," ಅಂದ. "ಆಫೀಸಿನವರು, ಆ ಟೈ, ಅವನ ಹುಡುಗರು. ದುರ್ಬೀನು ಹಾಕ್ಕೊಂಡು ನೋಡ್ತಾರೆ. ಮೂಲೆ ನೋಡಿದೋರು ಮಿಶಿನ್ನಿನ ಮುಖ ನೋಡಲ್ಲ, ನನ್ನ ಮುಖ ನೋಡ್ತಾರೆ. ಇಷ್ಟು ವರ್ಷ ಇವನು ಮಾಡಿದ್ದು ಇದೇನಾ ಅಂತಾರೆ. ನಾಳೆ ಜನ ಬರ್ತಾರೆ ಅಂತ ಗೊತ್ತಿದ್ದೂ ಗೋಡೆ ಹಾಗೇ ಬಿಡೋಕೆ ನನ್ನ ಕೈಲಾಗ್ಲಿಲ್ಲ."

"ನಿನ್ನ ಮರ್ಯಾದೆ ಬೇಯಿಸಿಕೊಂಡು ತಿನ್ನು," ಅಂದೆ. ಆ ಮಾತು ನಾನೇ ಆಡಿದ್ದು. ಅತ್ತಿಗೆ ಒಳಗೆ ಹೋದರು.

ಮುಂದಿನ ತಿಂಗಳು ಒಂದನೇ ತಾರೀಕಿಗೆ ಅಣ್ಣನೂ ಕೊಳಾಯಿಯೂ ಕೆಲಸ ಬಿಟ್ಟರು, ಬಿಡಿಸಿದರು ಅನ್ನಬೇಕು. ನನ್ನನ್ನು ಮಾತ್ರ ಟೈ ಪಕ್ಕಕ್ಕೆ ಕರೆದು, ಚಾವಣಿ ಗೊತ್ತಿರುವವನೊಬ್ಬ ನಮಗೆ ಬೇಕು, ಇದ್ದುಬಿಡು ಅಂದ. ನಾನು ಒಲ್ಲೆ ಅಂದೆ. ಮನೆಯಲ್ಲಿ ಅಣ್ಣ, "ಮೂರು ಜನ ಉಣ್ಣೋ ಮನೆ ಇದು, ಒಬ್ಬನಾದ್ರೂ ದುಡೀಲಿ, ಹೋಗು," ಅಂದ. ಹೋದೆ. ಮಿಶಿನ್ನಿನ ಕಂಪನಿಯ ನೀಲಿ ಟೋಪಿ ಕೊಟ್ಟರು. ಅದನ್ನು ಮನೆಗೆ ಹಾಕಿಕೊಂಡು ಬರುತ್ತಿರಲಿಲ್ಲ, ಜೇಬಿನಲ್ಲಿ ಮಡಚಿಟ್ಟುಕೊಳ್ಳುತ್ತಿದ್ದೆ.

ಉಳಿದ ಮೂರು ಗೋಡೆಗಳನ್ನು ಮಿಶಿನ್ನು ಒಂದೇ ವಾರದಲ್ಲಿ ತೊಳೆಯಿತು. ಮತ್ತೆರಡು ದಿನಕ್ಕೆ ಮೂರಕ್ಕೂ ಮೀಸೆ ಬಂತು. ಎಂಥ ಮೀಸೆ ಅಂತೀರಿ, ರಸ್ತೆಯ ಆಚೆ ಬದಿಯಿಂದ ಎಣಿಸಬಹುದಿತ್ತು. ಮ್ಯಾನೇಜರು ಟೈಯನ್ನು ಕರೆಸಿ ಕೂಗಾಡಿದರು. ಟೈ ಒಂಚೂರೂ ಬೆವರಲಿಲ್ಲ. ಒಂದು ಕಾಗದ ಬರೆದುಕೊಟ್ಟ. ಮೂಡಣ ಗೋಡೆಯಲ್ಲಿ ಒಂದೂ ಕಲೆ ಬಿದ್ದಿಲ್ಲ, ಆದ್ದರಿಂದ ಯಂತ್ರದಲ್ಲಿ ದೋಷವಿಲ್ಲ; ಹಿಂದಿನ ಕೆಲಸಗಾರರು ಉಳಿದ ಮೂರು ಗೋಡೆಗಳನ್ನು ವರ್ಷಗಟ್ಟಲೆ ಸರಿಯಾಗಿ ತೊಳೆಯದೆ ಬಿಟ್ಟದ್ದೇ ಇದಕ್ಕೆ ಕಾರಣ. ಮ್ಯಾನೇಜರು ಅದನ್ನು ಫೈಲಿಗೆ ಹಾಕಿದರು. ಅವರಿಗೂ ಮಿಶಿನ್ನು ತಂದದ್ದು ತಪ್ಪಾಯಿತು ಅಂತ ಮೇಲಿನವರಿಗೆ ಹೇಳುವುದಕ್ಕಿಂತ ಇದು ಹಗುರವಾಗಿತ್ತು.

ಇದ್ಯಾವುದೂ ಅಣ್ಣನಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಆಗಲೇ ಅಣ್ಣನಿಗೆ ಒಂದು ಆಸ್ಪತ್ರೆಯ ಕಟ್ಟಡದಲ್ಲಿ ಕೆಲಸ ಸಿಗುವ ಹಾಗಿತ್ತು. ಅಲ್ಲಿ ಇನ್ನೂ ತೊಟ್ಟಿಲಲ್ಲಿ ಇಳಿದೇ ಗೋಡೆ ತೊಳೆಯುತ್ತಿದ್ದರು. ಭುಜದ ಸಂಗತಿ ಗೊತ್ತಿದ್ದೂ, ಮೂಲೆ ಕೆಲಸಕ್ಕೆ ಅನುಭವದವರು ಬೇಕು ಅಂದಿದ್ದರು. ಹಳೆಯ ಕಡೆಯಿಂದ ಒಂದು ಪತ್ರ ತಂದರೆ ಸಾಕು, ಇವನು ಒಳ್ಳೆಯ ಕೆಲಸಗಾರ ಅಂತ ಎರಡು ಸಾಲು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮ್ಯಾನೇಜರನ್ನು ನೋಡಲು ಬಂದ. ನಾನು ಆ ಹೊತ್ತಿಗೆ ಟೈಯ ಜೊತೆ ಅದೇ ಕೋಣೆಯಲ್ಲಿ ತಂತಿಯ ಲೆಕ್ಕ ಒಪ್ಪಿಸುತ್ತಾ ನಿಂತಿದ್ದೆ. ಟೋಪಿ ತಲೆಯ ಮೇಲಿತ್ತು.

ಮ್ಯಾನೇಜರು ಪತ್ರ ಬರೆಯಲಿಲ್ಲ. ಫೈಲು ತೆಗೆದು ಟೈಯ ಕಾಗದವನ್ನು ಅಣ್ಣನಿಗೆ ಓದಿ ಹೇಳಿದರು.

"ಒಂದು ಗೋಡೆ ಅಷ್ಟು ಚೆನ್ನಾಗಿ ಇಟ್ಕೊಂಡು ಮೂರನ್ನ ಯಾಕಯ್ಯಾ ಹಾಳು ಮಾಡಿದೆ?" ಅಂದರು. "ನಾನು ಯಾವ ಮುಖ ಇಟ್ಕೊಂಡು ಪತ್ರ ಕೊಡ್ಲಿ?"

 ಅಣ್ಣನ ಕಿವಿಗಳು ಕೆಂಪಾದವು.

"ನಾಲ್ಕನ್ನೂ ಒಂದೇ ಥರ ತೊಳೆದಿದ್ದೀನಿ ಸಾರ್," ಅಂದ. "ಮೂರು ತಿಂಗಳಿಗೆ ಮೂಲೇಲಿ ಅಷ್ಟು ಕೂತೇ ಕೂರುತ್ತೆ. ಮೂಡಣ ಗೋಡೆ ಮಿಶಿನ್ನಿಗೆ ಮುಂಚಿನ ದಿನ ನಾನೇ ಕೆರೆದಿದ್ದೆ. ಭಾನುವಾರ ಬಂದು."

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ ಸಾರ್."

"ಕೂಲಿ?"

"ಇಲ್ಲ ಸಾರ್."

ಮ್ಯಾನೇಜರು ಟೈಯ ಕಡೆ ನೋಡಿದರು. ಟೈ ನಕ್ಕ.

"ಅಲ್ಲಯ್ಯ, ರಜಾ ದಿನ, ಕೂಲಿ ಇಲ್ಲದೆ, ನಿನ್ನ ಕೆಲಸ ಕಿತ್ಕೊಳ್ಳೋಕೆ ಬಂದಿರೋ ಮಿಶಿನ್ನಿಗೋಸ್ಕರ ನೀನು ಬಂದು ಗೋಡೆ ಉಜ್ಜಿದೆ. ಇದನ್ನ ನಾನು ನಂಬಬೇಕು," ಅಂದರು ಮ್ಯಾನೇಜರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಿಜಕ್ಕೂ ನಂಬಿಕೆ ಬಂದಿರಲಿಲ್ಲ ಅವರಿಗೆ. "ನೋಡಿದೋರು ಯಾರಾದ್ರೂ ಇದ್ದಾರಾ?"

ಅತ್ತಿಗೆಯ ಹೆಸರನ್ನು ಅಣ್ಣ ಎತ್ತಲಿಲ್ಲ. ಕಸುಬು ಗೊತ್ತಿಲ್ಲದ ಹೆಂಗಸನ್ನು ಚಾವಣಿಗೆ ಹತ್ತಿಸಿದೆ ಅಂದರೆ ಅದೇ ಇನ್ನೊಂದು ತಪ್ಪಾಗುತ್ತಿತ್ತು. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಿಜ ಹೇಳಿಬಿಡುತ್ತಿದ್ದೆ ಅಂತ ಇವತ್ತಿಗೂ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ, ಅದೂ ಸುಳ್ಳೇ.

ಮ್ಯಾನೇಜರೇ ನನ್ನ ಕಡೆ ತಿರುಗಿದರು. "ನಿನ್ನ ಸ್ವಂತ ಅಣ್ಣ ಅಲ್ವಾ? ಒಂದೇ ಮನೇಲಿರೋದು. ನೀನು ಹೇಳು, ಇವನು ಬಂದಿದ್ದು ನಿಜವಾ?"

ನಿಜ ಅಂದರೆ ಮಿಶಿನ್ನಿಗೆ ಮೂಲೆ ತೊಳೆಯಲು ಬರುವುದಿಲ್ಲ ಅಂತ ಅರ್ಥ. ಟೈ ನಗು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ನನಗೆ ಎಲ್ಲ ಒಟ್ಟಿಗೆ ಹೊಳೆಯಿತು, ನನ್ನ ಸಂಬಳ, ಮನೆಯ ಬಾಡಿಗೆ, ಮೂರು ಜನರ ಊಟ. ಅಣ್ಣನಿಗೂ ಸೇರಿಸಿಯೇ ಈ ಸಂಬಳ ಅಂತ ಒಂದು ಕ್ಷಣದಲ್ಲಿ ನ್ಯಾಯವನ್ನೂ ಹುಡುಕಿಕೊಂಡೆ.

"ನಾನು ನೋಡಿಲ್ಲ ಸಾರ್," ಅಂದೆ.

ಅಣ್ಣ ತಲೆಯಾಡಿಸಿದ, ನಾನು ಸರಿಯಾದ ಉತ್ತರ ಹೇಳಿದೆನೋ ಅನ್ನುವ ಹಾಗೆ. ಮ್ಯಾನೇಜರಿಗೆ ಕೈಮುಗಿದ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಸಂಜೆ ನಾನು ಮನೆಗೆ ಬಂದಾಗ ಅವನು ಅಂಗಿ ಬಿಚ್ಚಿ ಮಡಚಿಟ್ಟು ಕೂತಿದ್ದ.

"ಏನಂದ್ರಂತೆ?" ಅಂತ ಅತ್ತಿಗೆ ನನ್ನನ್ನು ಕೇಳಿದರು. "ಇವರು ಬಾಯೇ ಬಿಡ್ತಿಲ್ಲ."

ನಾನು ಅಣ್ಣನ ಕಡೆ ನೋಡಿದೆ.

"ಪತ್ರ ಕೊಡೋ ಪದ್ಧತಿ ಇಲ್ವಂತೆ ಕಣೇ ಅಲ್ಲಿ," ಅಂದ ಅಣ್ಣ. "ಇವನೂ ಹೇಳಿ ನೋಡಿದ, ಪಾಪ. ಆಗ್ಲಿಲ್ಲ."

ಅತ್ತಿಗೆ ನನ್ನ ಮುಖವನ್ನು ತುಸು ಹೊತ್ತು ನೋಡಿದರು. ಆಮೇಲೆ ಮೂರು ತಟ್ಟೆ ಇಟ್ಟು ಬಡಿಸಿದರು. ನಾನು ಕೈತೊಳೆದುಕೊಂಡು ಬಂದು ಅಣ್ಣನ ಪಕ್ಕ ಕೂತು ಹೊಟ್ಟೆ ತುಂಬ ಉಂಡೆ.